ಗ್ಯಾಸ್ ಫ್ರಿಜ್ಜು ಮಲೆನಾಡಿಗೆ ಒಗ್ಗುತ್ತದೆಯೇ?

ಆರಿದ್ರಾ ಮಳೆ ಹಿಡಿದ ಮೇಲೆ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳ ಒಳಹಳ್ಳಿಗಳಲ್ಲಿ ಕರೆಂಟು ಹೋದರೆ, ಬರುವುದು ಯಾವಾಗ ಎಂದು ಕೇಳುವವರು ಕಡಿಮೆ. ಇಲ್ಲಿ ತಂತಿಗಳು ಕಾಡು, ಕಾಫಿ ತೋಟ, ಅಡಿಕೆ ತೋಟಗಳ ನಡುವೆಯೇ ಹಾದುಹೋಗಬೇಕು. ಒಂದು ಮರ ಉರುಳಿದರೆ ಅದರ ಜೊತೆ ಕಂಬಗಳೂ ಮಲಗುತ್ತವೆ. ಲೈನ್‌ಮನ್‌ಗಳು ತುಂಬಿದ ಹಳ್ಳ ದಾಟಿ ಅಲ್ಲಿಗೆ ಮುಟ್ಟಬೇಕು, ಮಳೆ ಒಂದಿಷ್ಟು ಬಿಡುವು ಕೊಡಬೇಕು, ಆಮೇಲೆ ದುರಸ್ತಿ. ದೀಪಕ್ಕೆ ಇನ್ವರ್ಟರ್ ಇದೆ, ಮೊಬೈಲಿಗೆ ಪವರ್ ಬ್ಯಾಂಕ್ ಇದೆ. ಕೈಕೊಡುವುದು ಫ್ರಿಜ್ಜು.

ಹಿಂದಿನವರಿಗೆ ಈ ತಾಪತ್ರಯ ಇರಲಿಲ್ಲ. ಅಪ್ಪೆಮಿಡಿ ಉಪ್ಪುನೀರಿನಲ್ಲಿ, ಹಪ್ಪಳ ಡಬ್ಬಿಯಲ್ಲಿ, ಒಲೆಯ ಮೇಲಿನ ಅಟ್ಟದಲ್ಲಿ ಉಳಿದದ್ದೆಲ್ಲ. ಹಾಲು ಮೊಸರಾಗುತ್ತಿತ್ತು, ಮೊಸರು ಮಜ್ಜಿಗೆಯಾಗುತ್ತಿತ್ತು. ಈಗ ಮನೆಯ ಅಗತ್ಯವೇ ಬೇರೆ. ಕರಾವಳಿಯಿಂದ ಘಾಟಿ ಹತ್ತಿ ಬಂದ ಮೀನು, ಹೋಂಸ್ಟೇ ಅತಿಥಿಗಳ ಊಟಕ್ಕೆ ತಂದಿಟ್ಟ ಮಾಂಸ, ಪನೀರು, ಅಜ್ಜನ ಇನ್ಸುಲಿನ್ ಎಲ್ಲವೂ ತಂಪನ್ನೇ ನಂಬಿವೆ. ಶೃಂಗೇರಿ, ಹೊರನಾಡಿನ ದಾರಿಯಲ್ಲಿ, ಕಿಗ್ಗದ ಸಿರಿಮನೆ ಜಲಪಾತದ ಕಡೆ, ನರಸಿಂಹರಾಜಪುರದ ಭದ್ರಾ ಹಿನ್ನೀರಿನ ಬದಿಯಲ್ಲಿ ವ್ಯಾನನ್ನೇ ಮನೆ ಮಾಡಿಕೊಂಡು ತಿರುಗುವವರು ಬಂದರೆ ಅವರಿಗೂ ಇದೇ ಚಿಂತೆ. ಆಗ ಹೊರಬರುವ ಪ್ರಶ್ನೆ: ಅಡುಗೆ ಗ್ಯಾಸಿನಲ್ಲಿ ನಡೆಯುವ ಫ್ರಿಜ್ಜು ಇದೆಯಂತಲ್ಲ, ಅದು ಇಲ್ಲಿಗೆ ಆಗುತ್ತದೆಯೇ? ತಂದವರ ಪ್ರಶ್ನೆ ಇನ್ನೊಂದು: ಉರಿಯುತ್ತದೆ, ಆದರೆ ತಂಪೇ ಆಗುವುದಿಲ್ಲವಲ್ಲ, ಯಾಕೆ?

ಹಳೆಯ ವಿದ್ಯೆ

ಬೆಂಕಿ ಉರಿಸಿ ತಂಪು ಮಾಡುವ ವಿದ್ಯೆ ಕರೆಂಟಿನ ಫ್ರಿಜ್ಜಿಗಿಂತ ಹಳೆಯದು. ಅಮೋನಿಯಾ ಮತ್ತು ನೀರನ್ನು ಬಳಸಿ ಮಂಜುಗಡ್ಡೆ ಮಾಡುವ ಯಂತ್ರಕ್ಕೆ ಫ್ರಾನ್ಸಿನ ಫರ್ಡಿನಾಂಡ್ ಕಾರೆ 1859ರಲ್ಲಿ ಪೇಟೆಂಟ್ ಪಡೆದ. ಆದರೆ ಅದು ಕಾರ್ಖಾನೆಯ ಗಾತ್ರದ್ದು. ಅಡುಗೆಮನೆಗೆ ಹೊಂದುವ, ಒಂದೂ ಚಲಿಸುವ ಭಾಗವಿಲ್ಲದ ಪೆಟ್ಟಿಗೆಯನ್ನು 1922ರಲ್ಲಿ ರೂಪಿಸಿದವರು ಸ್ಟಾಕ್‌ಹೋಮಿನ ರಾಯಲ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯ ಇಬ್ಬರು ವಿದ್ಯಾರ್ಥಿಗಳು, ಬಾಲ್ಟ್‌ಜಾರ್ ಫಾನ್ ಪ್ಲಾಟೆನ್ ಮತ್ತು ಕಾರ್ಲ್ ಮುಂಟರ್ಸ್. 1925ರಲ್ಲಿ ಅದು ಎಲೆಕ್ಟ್ರೋಲಕ್ಸ್ ಕಂಪನಿಯ ಕೈಗೆ ಬಂತು. ಐನ್‌ಸ್ಟೈನ್ ಕೂಡ ಲಿಯೋ ಜಿಲಾರ್ಡ್ ಜೊತೆ ಸೇರಿ ಇದೇ ಜಾತಿಯ ಇನ್ನೊಂದು ವಿನ್ಯಾಸ ಮಾಡಿದರು. 1930ರಲ್ಲಿ ಅಮೆರಿಕದ ಪೇಟೆಂಟೂ ಸಿಕ್ಕಿತು, ಅಂಗಡಿಗೆ ಮಾತ್ರ ಬರಲಿಲ್ಲ.

ಕರೆಂಟು ಮುಟ್ಟದ ಕಡೆ ಈ ಫ್ರಿಜ್ಜಿಗೆ ಉರಿ ಕೊಟ್ಟದ್ದು ಸೀಮೆಎಣ್ಣೆ. ದೊಡ್ಡ ಎಸ್ಟೇಟ್ ಬಂಗಲೆಗಳಲ್ಲೂ, ಲಸಿಕೆ ಇಡುವ ಹಳ್ಳಿಯ ಆಸ್ಪತ್ರೆಗಳಲ್ಲೂ ಸೀಮೆಎಣ್ಣೆ ಫ್ರಿಜ್ಜು ಒಂದು ಕಾಲದಲ್ಲಿ ಲೋಕದ ನಾನಾ ಕಡೆ ನಡೆಯಿತು. ಬತ್ತಿ ಕತ್ತರಿಸಿ, ಮಸಿ ಒರೆಸಿ ಅದನ್ನು ಕಾಯುವುದೇ ಒಬ್ಬರ ಕೆಲಸ. ಈಗ ಅದೇ ಯಂತ್ರ ಮುಖ್ಯವಾಗಿ ಎರಡು ಕಡೆ ಉಳಿದಿದೆ: ಸದ್ದಿಲ್ಲವೆಂಬ ಕಾರಣಕ್ಕೆ ಹೋಟೆಲ್ ಕೋಣೆಗಳ ಮಿನಿಬಾರಿನಲ್ಲಿ, ಮತ್ತು ಕರೆಂಟಿನ ಹಂಗಿಲ್ಲವೆಂಬ ಕಾರಣಕ್ಕೆ ಕ್ಯಾರವಾನುಗಳಲ್ಲಿ.

ಉರಿಯಿಂದ ತಂಪು ಹೇಗೆ?

ಫ್ರಿಜ್ಜಿನ ಬೆನ್ನಿಗಿರುವ ಕೊಳವೆಗಳೊಳಗೆ ಅಮೋನಿಯಾ, ನೀರು, ಜಲಜನಕ ಇವಿಷ್ಟನ್ನು ತುಂಬಿ ಬೆಸುಗೆ ಹಾಕಿರುತ್ತಾರೆ. ಕೆಳಗಿನ ಸಣ್ಣ ಉರಿ ಅಮೋನಿಯಾ ಬೆರೆತ ನೀರನ್ನು ಕುದಿಸುತ್ತದೆ. ಗುಳ್ಳೆಗಳು ನೀರನ್ನೂ ಹೊತ್ತುಕೊಂಡು ಸಪೂರ ಕೊಳವೆಯಲ್ಲಿ ಮೇಲೇರುತ್ತವೆ. ಪಂಪಿನ ಕೆಲಸ ಅಷ್ಟರಲ್ಲೇ ಮುಗಿಯಿತು. ಅಮೋನಿಯಾ ಆವಿ ಮೇಲಿನ ರೆಕ್ಕೆಗಳಲ್ಲಿ ಗಾಳಿಗೆ ಶಾಖ ಬಿಟ್ಟು ದ್ರವವಾಗುತ್ತದೆ. ಆ ದ್ರವ ಜಲಜನಕ ತುಂಬಿದ ಕೊಳವೆಗೆ ಇಳಿದಾಗ ಅಲ್ಲಿ ಅಮೋನಿಯಾದ ಪಾಲಿನ ಒತ್ತಡ ಬಹಳ ಕಡಿಮೆ. ಹಾಗಾಗಿ ಅದು ಮತ್ತೆ ಆವಿಯಾಗುತ್ತದೆ, ಬೇಕಾದ ಶಾಖವನ್ನು ಫ್ರಿಜ್ಜಿನ ಒಳಗಿನಿಂದ ಎಳೆದುಕೊಳ್ಳುತ್ತದೆ. ಕೊನೆಗೆ ತಣಿದ ನೀರು ಆ ಆವಿಯನ್ನು ಹೀರಿಕೊಂಡು ಕೆಳಗಿನ ತೊಟ್ಟಿಗೆ ಮರಳುತ್ತದೆ, ಹಗುರವಾದ ಜಲಜನಕ ತನ್ನ ಜಾಗಕ್ಕೆ ಹೋಗುತ್ತದೆ.

ಈ ಸುತ್ತಿನಲ್ಲಿ ಮೋಟಾರಿಲ್ಲ, ಕವಾಟವಿಲ್ಲ. ದ್ರವ ಇಳಿಯುವುದು ತನ್ನ ಭಾರದಿಂದ, ಶಾಖ ಹೋಗುವುದು ಸುಳಿಯುವ ಗಾಳಿಯಿಂದ, ಎಲ್ಲಕ್ಕೂ ಮೂಲ ಒಂದು ಹದವಾದ ಉರಿ. ಕರೆಂಟಿನ ಕಂಪ್ರೆಸರ್ ಫ್ರಿಜ್ಜು ತಪ್ಪು ಜಾಗದಲ್ಲಿಟ್ಟರೂ ಮೋಟಾರಿನ ಬಲದಿಂದ ಹೇಗೋ ನಡೆದೀತು. ಗ್ಯಾಸ್ ಫ್ರಿಜ್ಜಿಗೆ ಆ ಬಲವಿಲ್ಲ. ತಂಪಾಗದ ಗ್ಯಾಸ್ ಫ್ರಿಜ್ಜಿನ ದೋಷ ಬಹುಪಾಲು ಯಂತ್ರದೊಳಗೆ ಇರುವುದಿಲ್ಲ, ಅದನ್ನು ಇಟ್ಟ ರೀತಿಯಲ್ಲಿ ಇರುತ್ತದೆ. ಆದ್ದರಿಂದ ಪರೀಕ್ಷೆಯನ್ನೂ ಇದೇ ಕ್ರಮದಲ್ಲಿ ಮಾಡಬೇಕು: ಮಟ್ಟ, ಗಾಳಿ, ಉರಿ, ಆಮೇಲೆ ಉಳಿದದ್ದು.

ಮಟ್ಟ

ಮಲೆನಾಡಿನಲ್ಲಿ ಸಪಾಟು ನೆಲ ಅಂದರೆ ದರೆ ಕಡಿದು ಮಾಡಿಕೊಂಡದ್ದೇ. ಅಡಿಕೆ ಒಣಗಿಸುವ ಅಂಗಳಕ್ಕೂ ನೀರು ಹರಿಯಲೆಂದು ಒಂದಿಷ್ಟು ಇಳಿಜಾರು ಕೊಟ್ಟಿರುತ್ತಾರೆ. ಕ್ಯಾರವಾನ್ ಫ್ರಿಜ್ಜುಗಳ ತಯಾರಕರು ಸಾಮಾನ್ಯವಾಗಿ ಒಪ್ಪುವುದು ಪಕ್ಕಕ್ಕೆ 3 ಡಿಗ್ರಿ, ಹಿಂದೆ ಮುಂದೆ 6 ಡಿಗ್ರಿ ವಾಲಿಕೆಯನ್ನು. ಅಂದರೆ ಒಂದು ಮೀಟರ್ ಉದ್ದಕ್ಕೆ ಪಕ್ಕದಲ್ಲಿ 5 ಸೆಂಟಿಮೀಟರಿನಷ್ಟು ಮಾತ್ರ. ಅದಕ್ಕಿಂತ ವಾಲಿದರೆ ಕೊಳವೆಯಲ್ಲಿ ದ್ರವ ಅಲ್ಲಲ್ಲಿ ಮಡುಗಟ್ಟುತ್ತದೆ, ಕುದಿಯುವ ಭಾಗಕ್ಕೆ ಮರಳುವುದಿಲ್ಲ. ಉರಿ ಮಾತ್ರ ಉರಿಯುತ್ತಲೇ ಇರುತ್ತದೆ. ತುಕ್ಕು ತಡೆಯಲೆಂದು ಒಳಗೆ ಹಾಕಿದ ಸೋಡಿಯಂ ಕ್ರೋಮೇಟ್ ಆ ಬಿಸಿಗೆ ಗಟ್ಟಿಯಾಗಿ ಕೊಳವೆಯನ್ನು ಮುಚ್ಚುತ್ತದೆ. ಹೀಗೆ ಕೆಟ್ಟದ್ದು ಮತ್ತೆ ಸರಿಹೋಗುವುದಿಲ್ಲ.

ಗಾಡಿ ಓಡುವಾಗ ಈ ಭಯ ಕಡಿಮೆ. ಆಗುಂಬೆಯ ತಿರುವುಗಳಲ್ಲಿ ಗಾಡಿ ಅತ್ತಿತ್ತ ವಾಲುವುದರಿಂದ ದ್ರವ ಒಂದೇ ಕಡೆ ನಿಲ್ಲುವುದಿಲ್ಲ. ತೊಂದರೆ ಇರುವುದು ರಾತ್ರಿಯಿಡೀ ವಾಲಿಕೊಂಡು ನಿಂತಾಗ. ಗಾರೆ ಕೆಲಸದವರ ರಸಮಟ್ಟವನ್ನು ಫ್ರೀಜರ್ ತಟ್ಟೆಯ ಮೇಲೆ ಎರಡೂ ದಿಕ್ಕಿಗೆ ಇಟ್ಟು ನೋಡಿ. ತಗ್ಗಿದ ಚಕ್ರದ ಕೆಳಗೆ ಹಲಗೆ ಕೊಟ್ಟರೆ ಆಯಿತು. ಮನೆಯಲ್ಲಾದರೆ ಒಮ್ಮೆ ಸರಿಯಾಗಿ ಕೂರಿಸಿದರೆ ಸಾಕು.

ಗಾಳಿ

100 ಲೀಟರ್ ಆಸುಪಾಸಿನ ಗ್ಯಾಸ್ ಫ್ರಿಜ್ಜು ದಿನಕ್ಕೆ ಸುಮಾರು 300 ಗ್ರಾಂ ಗ್ಯಾಸ್ ತಿನ್ನುತ್ತದೆ. ಶಾಖದ ಲೆಕ್ಕದಲ್ಲಿ ಇದು 3.8 ಯೂನಿಟ್ಟು. ಈ ಶಾಖವೂ ಒಳಗಿನಿಂದ ಎಳೆದ ಶಾಖವೂ ಸೇರಿ ಬೆನ್ನಿನ ಕಡೆಯಿಂದಲೇ ಹೊರಹೋಗಬೇಕು. ಕೆಳಗೊಂದು ಕಿಂಡಿ, ಮೇಲೊಂದು ಕಿಂಡಿ, ನಡುವೆ ಗಾಳಿ ರೆಕ್ಕೆಗಳನ್ನು ಸವರಿಕೊಂಡೇ ಮೇಲೇರುವಂಥ ಇಕ್ಕಟ್ಟಾದ ದಾರಿ, ಇದು ಸರಿಯಾದ ಏರ್ಪಾಡು. ಹಿಂದೆ ಜಾಗ ಕಡಿಮೆಯಾದರೂ ಕೆಟ್ಟದ್ದು, ಅತಿಯಾದರೂ ಕೆಟ್ಟದ್ದು. ಜಾಗ ಹೆಚ್ಚಿದ್ದರೆ ಗಾಳಿ ರೆಕ್ಕೆಗಳನ್ನು ಮುಟ್ಟದೆ ಪಕ್ಕದಿಂದ ನುಸುಳಿ ಹೋಗುತ್ತದೆ. ಅಲ್ಲಿ ತಗಡಿನ ತಡೆ ಕೊಟ್ಟು ಗಾಳಿಯನ್ನು ರೆಕ್ಕೆಗಳತ್ತ ತಿರುಗಿಸಬೇಕು. ಬೇಸಿಗೆಗೆ 12 ವೋಲ್ಟಿನ ಸಣ್ಣ ಫ್ಯಾನೊಂದನ್ನು ಮೇಲಿನ ಕಿಂಡಿಯ ಹತ್ತಿರ ಕೂರಿಸಿದರೆ ವ್ಯತ್ಯಾಸ ಬೇಗ ಗೊತ್ತಾಗುತ್ತದೆ.

ಮಲೆನಾಡಿನವರು ಇದಕ್ಕೆ ಇನ್ನೊಂದು ಎಚ್ಚರ ಸೇರಿಸಿಕೊಳ್ಳಬೇಕು. ಮುಂಗಾರಿನ ಗಾಳಿ ಬರುವುದು ನೈಋತ್ಯದಿಂದ. ಕಿಂಡಿ ಆ ದಿಕ್ಕಿಗಿದ್ದರೆ ಎರಚಲು ಒಳಗೆ ಹೊಡೆಯುತ್ತದೆ, ಉರಿ ಆರುತ್ತದೆ. ಉರಿ ಆರಿದರೆ ಗ್ಯಾಸ್ ನಿಲ್ಲಿಸುವ ವ್ಯವಸ್ಥೆ ಇರುವುದರಿಂದ ಅಪಾಯವಾಗುವುದಿಲ್ಲ, ಆದರೆ ಬೆಳಿಗ್ಗೆ ಎದ್ದು ನೋಡಿದರೆ ಹಾಲು ಒಡೆದಿರುತ್ತದೆ. ಗೋಡೆಗೆ ಕಿಂಡಿ ಕೊರೆಯುವುದಾದರೆ ಪೂರ್ವದ ಕಡೆ, ಮಾಡಿನ ಆಸರೆ ಇರುವಲ್ಲಿ ಕೊರೆಯಿರಿ. ಗಾಡಿಯನ್ನೂ ಕಿಂಡಿ ಗಾಳಿಗೆ ಬೆನ್ನು ಮಾಡುವಂತೆ ನಿಲ್ಲಿಸಿ.

ಉರಿ

ಉರಿ ನೀಲಿ ಇರಬೇಕು, ನಿಶ್ಚಲ ಇರಬೇಕು. ಹಳದಿಯಾಗಿ ಓಲಾಡುತ್ತಿದ್ದರೆ ಬರ್ನರಿಗೆ ಗಾಳಿ ಸಾಲದು ಅಥವಾ ಗ್ಯಾಸಿನ ತೂತು, ಅಂದರೆ ಜೆಟ್ಟು, ಕಟ್ಟಿಕೊಂಡಿದೆ. ತಿಂಗಳುಗಟ್ಟಲೆ ನಿಲ್ಲಿಸಿಟ್ಟ ಫ್ರಿಜ್ಜಿನಲ್ಲಿ ಮೂರು ಸಂಗತಿ ಆಗಿರುತ್ತವೆ. ಚಿಮಣಿ ಕೊಳವೆಯ ತುಕ್ಕಿನ ಚೂರು ಬರ್ನರಿನ ಮೇಲೆ ಉದುರಿರುತ್ತದೆ, ಜೇಡ ಬಲೆ ಕಟ್ಟಿರುತ್ತದೆ, ಕಡಜ ಮಣ್ಣಿನ ಗೂಡು ಮಾಡಿರುತ್ತದೆ. ನಮ್ಮ ಥಂಡಿಗೆ ತುಕ್ಕಂತೂ ತಪ್ಪಿದ್ದಲ್ಲ. ಮಳೆಗಾಲ ಹಿಡಿಯುವ ಮೊದಲೊಮ್ಮೆ, ಮುಗಿದ ಮೇಲೊಮ್ಮೆ ಶುಚಿ ಮಾಡಿಸಬೇಕು. ಜೆಟ್ಟಿಗೆ ಸೂಜಿ ಚುಚ್ಚಬಾರದು. ತೂತು ಕೂದಲೆಳೆಯಷ್ಟು ದೊಡ್ಡದಾದರೂ ಉರಿಯ ಅಳತೆ ತಪ್ಪುತ್ತದೆ. ಸ್ಪಿರಿಟ್ಟಿನಲ್ಲಿ ನೆನೆಸಿ ಗಾಳಿ ಊದಿದರೆ ಸಾಕು. ಚಿಮಣಿಯೊಳಗೆ ತೂಗುಬಿಟ್ಟ ಸುರುಳಿ ತಗಡನ್ನು ತೆಗೆದವರು ಅದೇ ಎತ್ತರಕ್ಕೆ ಮರಳಿ ಹಾಕಬೇಕು. ಕುದಿಯುವ ಭಾಗಕ್ಕೆ ಶಾಖ ನಿಲ್ಲಿಸಿಕೊಡುವುದು ಅದೇ.

ಇನ್ನು ಗ್ಯಾಸು. ಕ್ಯಾರವಾನ್ ಫ್ರಿಜ್ಜಿನ ಕೈಪಿಡಿಗಳು ಪ್ರೊಪೇನ್ ಎಂದು ಬರೆದಿರುತ್ತವೆ. ನಮ್ಮ ಸಿಲಿಂಡರಿನಲ್ಲಿರುವುದು ಪ್ರೊಪೇನ್ ಮತ್ತು ಬ್ಯೂಟೇನಿನ ಮಿಶ್ರಣ. ಪ್ರೊಪೇನ್ ಮೈನಸ್ 42 ಡಿಗ್ರಿಯಲ್ಲೇ ಆವಿಯಾದರೆ ಬ್ಯೂಟೇನಿಗೆ ಸೊನ್ನೆಯ ಹತ್ತಿರ ಬೇಕು. ಹಿಮ ಬೀಳುವ ದೇಶಗಳಲ್ಲಿ ಇದೇ ದೊಡ್ಡ ತಲೆನೋವು. ಕೊಪ್ಪದ ಡಿಸೆಂಬರ್ ಚಳಿಗೆ ಆ ಪ್ರಶ್ನೆ ಏಳುವುದಿಲ್ಲ. ಒತ್ತಡದಲ್ಲೂ ಅನುಕೂಲವಿದೆ: ನಮ್ಮ ಅಡುಗೆ ಒಲೆಯ ರೆಗ್ಯುಲೇಟರ್ ಕೊಡುವ ಸುಮಾರು 30 ಮಿಲಿಬಾರ್ ಒತ್ತಡವೇ ಯೂರೋಪಿನ ಅನೇಕ ಕ್ಯಾರವಾನ್ ಫ್ರಿಜ್ಜುಗಳಿಗೂ ನಿಗದಿಯಾದದ್ದು. ಹೋಟೆಲಿನ ದೊಡ್ಡ ಒಲೆಗೆ ಹಾಕುವ ಹೈ ಪ್ರೆಷರ್ ರೆಗ್ಯುಲೇಟರನ್ನು ಮಾತ್ರ ಇದಕ್ಕೆ ಜೋಡಿಸಲೇಬಾರದು. ಎತ್ತರದ ಪ್ರದೇಶಗಳಲ್ಲಿ ಗಾಳಿ ತೆಳುವಾಗಿ ಉರಿ ಸೊರಗುವ ಸಮಸ್ಯೆಯೂ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಪೇಟೆಗಳಿಗೆ ಇಲ್ಲ.

ಉಳಿದದ್ದು, ಮತ್ತು ತಾಳ್ಮೆ

ಹಚ್ಚಿದ ಒಂದು ಗಂಟೆಗೆ ಬಾಗಿಲು ತೆಗೆದು ತಂಪಿಲ್ಲ ಎನ್ನುವವರೇ ಹೆಚ್ಚು. ಗ್ಯಾಸ್ ಫ್ರಿಜ್ಜು ಖಾಲಿಯಾಗಿ ಹದಕ್ಕೆ ಬರಲು 12ರಿಂದ 24 ಗಂಟೆ ಬೇಕು. ನಾಳೆ ಹೊರಡುವುದಾದರೆ ಇವತ್ತೇ ಹಚ್ಚಿ. ಬಿಸಿ ಸಾರು, ಆಗಷ್ಟೇ ಕಾಯಿಸಿದ ಹಾಲು ಒಳಗಿಡಬೇಡಿ. ಒಳಗೆ ಗಾಳಿ ತಿರುಗಲು ಜಾಗ ಬಿಡಿ. ಬಾಗಿಲಿನ ರಬ್ಬರಿಗೆ ಹತ್ತು ರೂಪಾಯಿ ನೋಟು ಸಿಕ್ಕಿಸಿ ಎಳೆದು ನೋಡಿ; ಸಲೀಸಾಗಿ ಬಂದರೆ ತೇವದ ಗಾಳಿ ಅಲ್ಲಿಂದಲೇ ನುಗ್ಗುತ್ತಿದೆ. ನಮ್ಮ ಮಳೆಗಾಲದ ಗಾಳಿಯಲ್ಲಿ ತೇವ ಎಷ್ಟೆಂದು ಹೇಳಬೇಕಿಲ್ಲ. ಅದೆಲ್ಲ ಒಳಗಿನ ತಣಿಸುವ ರೆಕ್ಕೆಗಳ ಮೇಲೆ ಮಂಜಾಗಿ ಕೂತು ತಂಪನ್ನು ತಡೆಯುತ್ತದೆ. ಮಂಜು ದಪ್ಪವಾದರೆ ಆರಿಸಿ ಕರಗಿಸಬೇಕು, ಚಾಕು ಹಾಕಿ ಕೆರೆಯಬಾರದು. ಅಳತೆಗೆ ಒಂದು ಲೋಟ ನೀರಿನಲ್ಲಿ ಥರ್ಮಾಮೀಟರ್ ಮುಳುಗಿಸಿ ರಾತ್ರಿ ಒಳಗಿಟ್ಟು ಬೆಳಿಗ್ಗೆ ನೋಡಿ. 5 ಡಿಗ್ರಿಯ ಒಳಗಿದ್ದರೆ ಫ್ರಿಜ್ಜು ಸರಿಯಾಗಿದೆ.

ಇಷ್ಟಾದರೂ ತಂಪಾಗದಿದ್ದರೆ ಒಂದು ಪರೀಕ್ಷೆ. ಬಹಳಷ್ಟು ಗ್ಯಾಸ್ ಫ್ರಿಜ್ಜುಗಳು ಕರೆಂಟಿನಿಂದಲೂ ಕಾಯುತ್ತವೆ. ಕರೆಂಟಿನಲ್ಲಿ ಒಂದು ದಿನ ನಡೆಸಿ. ಅದರಲ್ಲಿ ತಂಪಾಗಿ ಗ್ಯಾಸಿನಲ್ಲಿ ಆಗದಿದ್ದರೆ ದೋಷ ಬರ್ನರಿನದು. ಎರಡರಲ್ಲೂ ಆಗದಿದ್ದರೆ, ಮಟ್ಟ ಗಾಳಿ ಸರಿಯಿದ್ದರೆ, ಕೊಳವೆಯ ಸುತ್ತು ಕೆಟ್ಟಿದೆ ಎಂದು ತಿಳಿಯಬಹುದು. ಮೂಗಿಗೆ ಅಮೋನಿಯಾ ಘಾಟು ಬಂದರೆ, ಬೆನ್ನಿನ ಕೊಳವೆಯಲ್ಲಿ ಹಳದಿ ಪುಡಿ ಕಂಡರೆ ಅನುಮಾನವೇ ಬೇಡ: ಆರಿಸಿ, ಕಿಟಕಿ ತೆಗೆದು, ಹೊರಗೆ ಬನ್ನಿ. ತಲೆಕೆಳಗಾಗಿ ಒಂದು ದಿನ ನಿಲ್ಲಿಸಿದರೆ ಸರಿಹೋಗುತ್ತದೆ ಎಂಬ ಮಾತಿದೆ. ಹಳೆಯ ಪೆಟ್ಟಿಗೆಗಳಲ್ಲಿ ಕೆಲವೊಮ್ಮೆ ಫಲ ಕಂಡದ್ದುಂಟು, ನಂಬಿ ಕೂರುವಂಥದ್ದಲ್ಲ. ಪೇಟೆಯ ಫ್ರಿಜ್ ಮೆಕ್ಯಾನಿಕ್ ಹತ್ತಿರ ಗ್ಯಾಸ್ ತುಂಬಿಸಿಕೊಳ್ಳುವ ಆಸೆಯೂ ಬೇಡ. ಕಂಪ್ರೆಸರ್ ಫ್ರಿಜ್ಜಿಗೆ ತುಂಬುವ ಗ್ಯಾಸೇ ಬೇರೆ. ಇಲ್ಲಿರುವುದು 20 ಬಾರ್ ಮೀರಿದ ಒತ್ತಡದ ಅಮೋನಿಯಾ ಮತ್ತು ಜಲಜನಕ. ಇಡೀ ಕೊಳವೆಯ ಜೋಡಣೆಯನ್ನೇ ಬದಲಿಸಬೇಕಾಗುತ್ತದೆ.

ನಮ್ಮ ಹವೆಗೆ ಹೊಂದುವುದೇ?

ಇಲ್ಲಿ ಗ್ಯಾಸ್ ಫ್ರಿಜ್ಜಿನ ಪರವಾಗಿ ಒಂದು ಗಟ್ಟಿ ಮಾತಿದೆ. ಹೊರಗೆ ಸೆಕೆ ಹೆಚ್ಚಿದಷ್ಟೂ ಇದು ಸೋಲುತ್ತದೆ. ಸಾಗಿಸುವ ಸಣ್ಣ ಪೆಟ್ಟಿಗೆಗಳು ಹೊರಗಿಗಿಂತ 25ರಿಂದ 30 ಡಿಗ್ರಿ ಕೆಳಕ್ಕೆ ಇಳಿಸಬಲ್ಲವು ಎಂಬುದು ತಯಾರಕರ ಲೆಕ್ಕ. ಏಪ್ರಿಲ್ ಮಧ್ಯಾಹ್ನ 34 ಡಿಗ್ರಿ ಇದ್ದಾಗ ಅದು ತಿಣುಕಾಡುತ್ತದೆ. ಜುಲೈಯಲ್ಲಿ ಶೃಂಗೇರಿಯ ಹಗಲು ಹೆಚ್ಚಾಗಿ 25ರ ಆಸುಪಾಸು. ಕರೆಂಟು ಹೆಚ್ಚು ಹೋಗುವ ತಿಂಗಳೂ ಈ ಫ್ರಿಜ್ಜು ಸಲೀಸಾಗಿ ನಡೆಯುವ ತಿಂಗಳೂ ಒಂದೇ. ಅದೇ ಹೊತ್ತಿಗೆ ಮೋಡ ಕವಿದು ಸೌರ ಫಲಕ ಮಂಕಾಗಿರುತ್ತದೆ. ಬಯಲುಸೀಮೆಯಲ್ಲಿ ಈ ಹೊಂದಾಣಿಕೆ ಸಿಗುವುದಿಲ್ಲ. ಕೊಳ್ಳುವಾಗ ತಗಡಿನ ಮೇಲಿನ ಹವಾಗುಣದ ಗುರುತು ನೋಡಿ: ಎನ್ ಅಂದರೆ 32 ಡಿಗ್ರಿವರೆಗೆ, ಎಸ್‌ಟಿ 38, ಟಿ 43. ನಮಗೆ ಎಸ್‌ಟಿ ಅಥವಾ ಟಿ ಬೇಕು.

ವಿರುದ್ಧವಾದ ಮಾತು ಖರ್ಚಿನದು. 14.2 ಕೆ.ಜಿ. ಸಿಲಿಂಡರು ದಿನಕ್ಕೆ 300 ಗ್ರಾಮಿನಂತೆ ಸುಮಾರು 47 ದಿನ ಬರುತ್ತದೆ. ಈ ಗ್ಯಾಸ್ ಫ್ರಿಜ್ಜಿಗಿಂತ ದೊಡ್ಡದಾದ, ಸ್ಟಾರ್ ಗುರುತಿನ ಒಂಟಿ ಬಾಗಿಲಿನ ಸಾಧಾರಣ ಫ್ರಿಜ್ಜು ಅರ್ಧ ಯೂನಿಟ್ ಚಿಲ್ಲರೆ ಕರೆಂಟಿನಲ್ಲಿ ಒಂದು ದಿನ ನಡೆಯುತ್ತದೆ. ಕರೆಂಟಿರುವಾಗಲೂ ಗ್ಯಾಸ್ ಉರಿಸುವುದು ದುಂದು. ಜೊತೆಗೆ ಕಾನೂನು: ಗೃಹಬಳಕೆಯ ಸಿಲಿಂಡರನ್ನು ಹೋಂಸ್ಟೇ ವ್ಯಾಪಾರಕ್ಕೋ ಪ್ರವಾಸದ ಗಾಡಿಗೋ ಬಳಸುವಂತಿಲ್ಲ; 19 ಕೆ.ಜಿ. ಅಥವಾ 5 ಕೆ.ಜಿ.ಯ ವಾಣಿಜ್ಯ ಸಿಲಿಂಡರು ಕೊಳ್ಳಬೇಕು.

ಗೋಬರ್ ಗ್ಯಾಸಿನಲ್ಲಿ ನಡೆಸಬಹುದಲ್ಲ ಎನ್ನುವವರಿದ್ದಾರೆ. ನಡೆಯುತ್ತದೆ, ಜೆಟ್ಟಿನ ತೂತು ದೊಡ್ಡದಾಗಬೇಕು, ಗ್ಯಾಸಿನಲ್ಲಿರುವ ಗಂಧಕದ ಅಂಶವನ್ನು ಕಬ್ಬಿಣದ ಪುಡಿಯ ಮೂಲಕ ಹಾಯಿಸಿ ತೆಗೆಯಬೇಕು, ಇಲ್ಲದಿದ್ದರೆ ಬರ್ನರು ತಿಂದುಹೋಗುತ್ತದೆ. ಶಾಖದ ಲೆಕ್ಕ ಹಾಕಿದರೆ ದಿನಕ್ಕೆ ಮುಕ್ಕಾಲು ಘನ ಮೀಟರಿನ ಹತ್ತಿರ ಬೇಕು. ಮೂರ್ನಾಲ್ಕು ದನಗಳ ಸಗಣಿ ನಂಬಿದ 2 ಘನ ಮೀಟರ್ ಸ್ಥಾವರದಲ್ಲಿ ಅಡುಗೆಗೆ ಉಳಿಯುವುದು ಎಷ್ಟು ಎಂದು ಮನೆಯವರೇ ಹೇಳಲಿ. ಬಚ್ಚಲೊಲೆಯ ಉರಿಗಂತೂ ಈ ಕೆಲಸ ಆಗದು. ಅದು ಏರುತ್ತದೆ, ಇಳಿಯುತ್ತದೆ, ಫ್ರಿಜ್ಜಿಗೆ ಬೇಕಾದ್ದು ಹಗಲೂ ರಾತ್ರಿ ಒಂದೇ ಹದ.

ಮನೆಯ ಮೇಲಿನ ಹಳ್ಳಕ್ಕೆ ಪೈಪು ಹಾಕಿ ಕಿರು ಜಲವಿದ್ಯುತ್ ಯಂತ್ರ ಇಟ್ಟುಕೊಂಡವರ ದಾರಿ ಬೇರೆ. ಮಳೆಗಾಲದಲ್ಲಿ ಅವರಿಗೆ ಕರೆಂಟು ಮಿಗುತ್ತದೆ. ಮಿಕ್ಕದ್ದನ್ನು ಹೀಟರಿಗೆ ಬಿಟ್ಟು ಸುಡುತ್ತಾರೆ. ಗ್ಯಾಸ್ ಫ್ರಿಜ್ಜಿನ ಕರೆಂಟು ಕಡ್ಡಿಯೂ ಒಂದು ಹೀಟರೇ, ನೂರರಿಂದ ಇನ್ನೂರು ವಾಟಿನದು. ವೋಲ್ಟೇಜ್ ತುಸು ಏರಿಳಿದರೂ ಕಂಪ್ರೆಸರಿನಂತೆ ಸುಟ್ಟುಹೋಗುವುದಿಲ್ಲ. ಈ ಜೋಡಿಯನ್ನು ನಮ್ಮಲ್ಲಿ ಪ್ರಯೋಗ ಮಾಡಿ ನೋಡುವುದು ಯೋಗ್ಯ.

ಬೇರೆ ದಾರಿಗಳು

ಲಸಿಕೆ ಕಾಯುವವರು ಸೀಮೆಎಣ್ಣೆ ಫ್ರಿಜ್ಜನ್ನು ಬಿಟ್ಟು ಹಿಡಿದ ದಾರಿಯಿಂದ ಮನೆಯವರೂ ಕಲಿಯುವುದಿದೆ. ಆಸ್ಪತ್ರೆಯ ಐಸ್ ಲೈನ್ಡ್ ಫ್ರಿಜ್ಜಿನ ಒಳಗೋಡೆಯಲ್ಲಿ ನೀರು ಹೆಪ್ಪುಗಟ್ಟಿರುತ್ತದೆ. 24 ಗಂಟೆಯಲ್ಲಿ 8 ಗಂಟೆ ಕರೆಂಟು ಸಿಕ್ಕರೆ 2ರಿಂದ 8 ಡಿಗ್ರಿಯೊಳಗೆ ಲಸಿಕೆ ಉಳಿಯುತ್ತದೆ. ಕರೆಂಟು ಕೂಡಿಡುವ ಬದಲು ತಂಪನ್ನೇ ಕೂಡಿಡುವ ಉಪಾಯ ಇದು. ಮನೆಯ ಫ್ರೀಜರಿನಲ್ಲಿ 10 ಕೆ.ಜಿ. ನೀರಿನ ಬಾಟಲಿ ಗಡ್ಡೆ ಕಟ್ಟಿಸಿಟ್ಟರೆ ಅದು ಕರಗುವಾಗ 0.9 ಯೂನಿಟ್ಟಿನಷ್ಟು ಶಾಖ ಹೀರುತ್ತದೆ. ಬಾಗಿಲು ಪದೇ ಪದೇ ತೆಗೆಯದಿದ್ದರೆ ಮಳೆಗಾಲದ ಒಂದು ದಿನಕ್ಕೆ ಹೆಚ್ಚುಕಡಿಮೆ ಅಷ್ಟು ಸಾಕು. 150 ಆಂಪಿಯರ್ ಅವರಿನ ಇನ್ವರ್ಟರ್ ಬ್ಯಾಟರಿಯಿಂದ ಇನ್ನೊಂದು ದಿನ ದೂಡಬಹುದು. ಜನರೇಟರ್ ಇದ್ದವರು ದಿನಕ್ಕೆ ಕೆಲವು ಗಂಟೆ ನಡೆಸಿ ಗಡ್ಡೆಯನ್ನೂ ಬ್ಯಾಟರಿಯನ್ನೂ ಒಂದಿಷ್ಟು ತುಂಬಿಸಿಕೊಳ್ಳಬಹುದು.

ಗಾಡಿಯವರಿಗೆ 12 ವೋಲ್ಟಿನ ಕಂಪ್ರೆಸರ್ ಪೆಟ್ಟಿಗೆ ಇದೆ. ದಿನವೂ ಓಡುವ ಗಾಡಿಗೆ ಅದೇ ಮೇಲು. ವಾಲಿದರೂ ನಡೆಯುತ್ತದೆ, ಸೆಕೆಗೂ ಜಗ್ಗುವುದಿಲ್ಲ. ಗ್ಯಾಸ್ ಫ್ರಿಜ್ಜನ್ನು 12 ವೋಲ್ಟಿನಲ್ಲಿ ಕಾಯಿಸುವುದು ಎಂಜಿನ್ ಓಡುವಾಗ ಮಾತ್ರ. ನಿಂತ ಗಾಡಿಯಲ್ಲಿ ಅದು ಒಂದು ರಾತ್ರಿಗೆ ಬ್ಯಾಟರಿ ಬರಿದು ಮಾಡುತ್ತದೆ. ಪೆಟ್ರೋಲ್ ಬಂಕಿಗೆ ಹೋಗುವ ಮೊದಲು ಉರಿ ಆರಿಸಿರಲೇಬೇಕು. ಮರಗಳ ನೆರಳಲ್ಲಿ ವಾರಗಟ್ಟಲೆ ಬಿಡಾರ ಹೂಡುವವರಿಗೆ ಮಾತ್ರ ಗ್ಯಾಸು ಲಾಭ.

ತೀರ್ಮಾನ

ಕರೆಂಟು ಒಂದೆರಡು ದಿನದಲ್ಲಿ ಬರುವ ಮನೆಗೆ ಗ್ಯಾಸ್ ಫ್ರಿಜ್ಜು ಬೇಡ. ಇರುವ ಫ್ರಿಜ್ಜಿಗೆ ಗಡ್ಡೆ ಕಟ್ಟಿದ ಬಾಟಲಿ ಸೇರಿಸಿದರೆ ಸಾಕು. ವಾರಗಟ್ಟಲೆ ಕತ್ತಲಾಗುವ ಒಂಟಿಮನೆಗೆ, ಕೆರೆಕಟ್ಟೆ, ಬಸರೀಕಟ್ಟೆಯ ಆಚೆಯಂಥ ಕಡೆಯ ಹೋಂಸ್ಟೇಗೆ, ಮಳೆಗಾಲದ ಎರಡನೆಯ ಫ್ರಿಜ್ಜಾಗಿ ಅದು ಯೋಗ್ಯ. ಇನ್ಸುಲಿನ್ ಇಡುವವರು ತಣಿಸುವ ರೆಕ್ಕೆಗಳಿಗೆ ತಾಗಿಸಿ ಇಡಬಾರದು, ಹೆಪ್ಪುಗಟ್ಟಿದ ಇನ್ಸುಲಿನ್ ಬಿಸಾಡಬೇಕಾಗುತ್ತದೆ. ಮಲಗುವ ಕೋಣೆಯಲ್ಲಿ, ಕಿಟಕಿ ಮುಚ್ಚಿದ ಗಾಡಿಯಲ್ಲಿ ಹೊಗೆ ಹೊರಹೋಗುವ ದಾರಿಯಿಲ್ಲದೆ ಇದನ್ನು ಹಚ್ಚುವುದು ಪ್ರಾಣಕ್ಕೆ ಕುತ್ತು. ಆ ಹೊಗೆಯಲ್ಲಿರಬಹುದಾದ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಸೋರಿದ ಅಡುಗೆ ಗ್ಯಾಸು ನೆಲಕ್ಕಿಳಿದು ಕೂರುವುದರಿಂದ ತಳಮಟ್ಟದಲ್ಲೂ ಗಾಳಿ ಕಿಂಡಿ ಬೇಕು, ಸಿಲಿಂಡರು ನೆಟ್ಟಗೆ ನಿಂತಿರಬೇಕು.

ಈಗಾಗಲೇ ಕೊಂಡವರಿಗೆ ಒಂದು ಮಾತು. ತಂಪಾಗಲಿಲ್ಲವೆಂದು ಮಾರುವ ಮೊದಲು ರಸಮಟ್ಟ ಇಟ್ಟು ನೋಡಿ, ಬೆನ್ನಿನ ಗಾಳಿ ದಾರಿ ಬಿಡಿಸಿ, ಉರಿ ನೀಲಿ ಮಾಡಿಸಿ, ಆಮೇಲೆ ಒಂದು ದಿನ ಬಾಗಿಲು ತೆಗೆಯದೆ ಕಾಯಿರಿ.